ಬಹುರೂಪಿ ಗೊಂಬೆಗಳ ನಾಮಕರಣ

ಮಕ್ಕಳ ಆಟದ ಸಾಮಾನಿನ ವಿಷಯವಾಗಿ ವಯಸ್ಸಾದವರು ಲೇಖನ ಬರೆಯುವುದು ಉಚಿತವೇ ಎಂದು ಕೆಲವು ವಾಚಕರು ಕೇಳಿಯಾರು. ಅವರಿಗೆ ನಾವು ಹೇಳುವ ಸಮಾಧಾನವಿಷ್ಟೆ: ಶೂದ್ರಕ ಮಹಾಕವಿಯು ಚಾರುದತ್ತ ವಸಂತಸೇನೆಯರ ಹಿರಿದಾದ ಕಥೆಯನ್ನು ರಚಿಸಿ, ಅದಕ್ಕೆ ಹೆಸರಿಡುವಾಗ ನಾಯಕನನ್ನೂ ನೆನೆಯಲಿಲ್ಲ, ನಾಯಿಕೆಯನ್ನೂ ನೆನೆಯಲಿಲ್ಲ, ಚಾರುದತ್ತನ ಚಿಕ್ಕ ಮಗನ ಮುಂದಿದ್ದ ಮಣ್ಣಿನ ಬಂಡಿಯನ್ನು ನೆನೆದು ‘ಮೃಚ್ಛಕಟಿಕ’ವೆಂದು ಕರೆದನು. ನೆರೆಮನೆಯ ಹುಡುಗನ ಚಿನ್ನದ ಬಂಡಿಯನ್ನು ಕಂಡ ಆ ಬಾಲಕನು ತನಗೆ ಮಣ್ಣಿನ ಬಂಡಿ ಬೇಡವೆಂದು ಅಳುವ ಪ್ರಸಂಗವನ್ನು ಓದಿದವರಾರೂ ಆಟಿಕೆಯನ್ನು ಅಲ್ಪವಸ್ತುವೆಂದು ಎಣಿಸಲಾರರು.

ಇಂದಿನ ಬಾಲಕನು ಅಳುವುದು ಬೇರೊಂದು ವಸ್ತುವಿಗಾಗಿ. ಅದು ಜಪಾನು ದೇಶದಲ್ಲಿ ಹುಟ್ಟಿದ ಬಹುರೂಪಿ ಗೊಂಬೆ. ಕೈಯಲ್ಲಿ ಹಿಡಿದು ಒಂದು ಬಗೆಯಾಗಿ ಮಡಿಸಿದರೆ ಮೋಟಾರು ಗಾಡಿ. ಬಿಡಿಸಿ ತಿರುವಿದರೆ ಕೈಕಾಲುಗಳುಳ್ಳ ಯಂತ್ರಪುರುಷ. ಈ ಯಂತ್ರಪುರುಷನನ್ನು ಲೋಕವೆಲ್ಲ ರೋಬೋ ಎಂದೂ ರೋಬಾಟ್ ಎಂದೂ ಕರೆಯುತ್ತದೆ. ಅದು ಜೆಕ್ ಭಾಷೆಯಿಂದ ಬಂದ ಮಾತು. ಬಿಟ್ಟಿಯ ದುಡಿಮೆಯೆಂಬುದು ಅದರ ಮೂಲಾರ್ಥ. ಕಾರೆಲ್ ಚಾಪೆಕ್ ಎಂಬ ನಾಟಕಕಾರನು ೧೯೨೦ರಲ್ಲಿ ಬರೆದ ನಾಟಕದಿಂದ ಅದು ಪ್ರಚಾರಕ್ಕೆ ಬಂದಿತು.

ಈ ಗೊಂಬೆಗಳ ಪೆಟ್ಟಿಗೆಯನ್ನು ನೋಡಿದರೆ ಸಾಮಾನ್ಯವಾಗಿ ಎರಡು ಗುರುತುಗಳು ಕಾಣುವುವು. ಒಂದು, ದೊಡ್ಡ ಅಕ್ಷರಗಳಲ್ಲಿ ಬರೆದ ಹೆಸರು. ಇನ್ನೊಂದು, ಒಂದೆರಡು ಅಕ್ಷರಗಳೂ ಅಂಕಿಗಳೂ ಕೂಡಿದ ಚಿಕ್ಕ ಸಂಖ್ಯೆ. ಮಗುವು ಹೆಸರನ್ನು ಓದುತ್ತದೆ. ಸಂಖ್ಯೆಯನ್ನು ಮನೆಯಲ್ಲಿ ಯಾರೂ ಓದುವುದಿಲ್ಲ. ಹೆಸರು ಮಗುವಿನ ಪ್ರೀತಿಯನ್ನು ಹೇಗೆ ಗಳಿಸಿತು, ಸಂಖ್ಯೆಯು ವಸ್ತುವಿನ ಜನ್ಮವೃತ್ತಾಂತವನ್ನು ಹೇಗೆ ಕಾಪಾಡಿತು ಎಂಬೆರಡನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶ. ಹಣ ಕೊಟ್ಟು ಕೊಳ್ಳುವ ಗೃಹಸ್ಥನಿಗೆ ಎರಡನ್ನೂ ಓದಲು ಬರಬೇಕೆಂಬುದು ನಮ್ಮ ಅಭಿಪ್ರಾಯ.

ನಮ್ಮ ಶಾಸ್ತ್ರಕಾರರು ಶಬ್ದಗಳನ್ನು ಯೌಗಿಕ, ರೂಢ, ಯೋಗರೂಢ ಎಂದು ವಿಂಗಡಿಸಿದ್ದಾರೆ. ಅಡಿಗೆ ಮಾಡುವವನು ಪಾಚಕ; ಅವಯವಾರ್ಥದಿಂದಲೇ ತಿಳಿಯುವುದರಿಂದ ಅದು ಯೌಗಿಕ. ಘಟವೆಂಬುದಕ್ಕೆ ಅಂಥ ಅವಯವಾರ್ಥವನ್ನು ಹುಡುಕಬೇಕಾಗಿಲ್ಲ, ಅದು ರೂಢ. ಪಂಕಜವೆಂದರೆ ಕೆಸರಿನಲ್ಲಿ ಹುಟ್ಟಿದ್ದು. ಕೆಸರಿನಲ್ಲಿ ಹುಟ್ಟುವುವು ಎಷ್ಟೋ ಇದ್ದರೂ ಆ ಮಾತು ತಾವರೆಗೆ ಮಾತ್ರ ನಿಂತಿತು. ಆದುದರಿಂದ ಅದು ಯೋಗರೂಢ. ಜಪಾನಿನ ಗೊಂಬೆ ವ್ಯಾಪಾರಿಗಳು ಈ ಶಾಸ್ತ್ರವನ್ನು ಓದಿದವರಲ್ಲ. ಆದರೂ ಅವರು ಇಟ್ಟ ಹೆಸರುಗಳು ಈ ಮೂರು ದಾರಿಗಳಲ್ಲಿಯೇ ನಡೆದುವು.

ಮೊದಲು ಚೋಗೋಕಿನ್ ಎಂಬ ಹೆಸರನ್ನು ನೋಡೋಣ. ೧೯೭೨ನೆಯ ಇಸವಿಯಲ್ಲಿ ಗೋ ನಾಗಾಯಿ ಎಂಬ ಚಿತ್ರಕಥೆಗಾರನು ‘ಮಾಜಿಂಗರ್ ಝಡ್’ ಎಂಬ ದೈತ್ಯ ಯಂತ್ರಪುರುಷನ ಕಥೆಯನ್ನು ಪ್ರಕಟಿಸಿದನು; ಅದೇ ವರ್ಷ ದೂರದರ್ಶನದಲ್ಲಿಯೂ ಅದು ಬರತೊಡಗಿತು. ಆ ಯಂತ್ರಪುರುಷನ ಮೈ ಚೋಗೋಕಿನ್ ಎಂಬ ಲೋಹದ್ದೆಂದು ಕಥೆ. ‘ಚೋ’ ಎಂದರೆ ಮೀರಿದ್ದು, ‘ಗೋಕಿನ್’ ಎಂದರೆ ಮಿಶ್ರಲೋಹ. ಅತಿಲೋಹವೆಂದು ನಾವು ಕರೆಯಬಹುದು. ಬಂದಾಯ್ ಎಂಬ ದೊಡ್ಡ ಕಂಪೆನಿಗೆ ಪೋಪಿ ಎಂಬ ಅಂಗಸಂಸ್ಥೆಯೊಂದಿತ್ತು. ನಮ್ಮ ಬಂಡಾಯವೆಂಬ ಮಾತಿಗೂ ಆ ಕಂಪೆನಿಯ ಹೆಸರಿಗೂ ಏನೊಂದು ಸಂಬಂಧವೂ ಇಲ್ಲವೆಂದು ಇಲ್ಲಿಯೇ ಹೇಳಿಬಿಡುವುದು ಲೇಸು. ಪೋಪಿಯವರು ೧೯೭೩ರಲ್ಲಿ ಸುಮಾರು ೬೦ ಸೆಂಟಿಮೀಟರ್ ಎತ್ತರದ ಪ್ಲಾಸ್ಟಿಕ್ಕಿನ ಮಾಜಿಂಗರನ್ನು ಮಾರಿದರು. ಮರುವರ್ಷ, ಎಂದರೆ ೧೯೭೪ರಲ್ಲಿ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಗೊಂಬೆಯನ್ನು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದು ಅಂಗಡಿಗಳಿಗೆ ಕಳುಹಿಸಿದರು. ಕಥೆಯಲ್ಲಿದ್ದ ಲೋಹದ ಹೆಸರನ್ನೇ ಗೊಂಬೆಯ ಜಾತಿಗೆ ಇಟ್ಟರು.

ಕೈಗೆ ತೆಗೆದುಕೊಂಡ ಮಗುವಿಗೆ ತೂಕವು ತಿಳಿಯುತ್ತಿತ್ತು. ತೂಕವೇ ಹೆಸರಿಗೆ ಸಾಕ್ಷಿಯಾಯಿತು. ಮುಂದೆ ಮಾಜಿಂಗರನ ಕಥೆಗೆ ಸಂಬಂಧವೇ ಇಲ್ಲದ ಬೇರೆ ಬೇರೆ ವೀರರ ಲೋಹದ ಗೊಂಬೆಗಳೂ ಚೋಗೋಕಿನ್ನುಗಳೆಂದೇ ಮಾರಾಟವಾದುವು. ಲೋಹದ ಹೆಸರಾಗಿ ಹುಟ್ಟಿದ ಮಾತು ಗೊಂಬೆಯ ಜಾತಿಯಲ್ಲಿ ರೂಢವಾಗಿಬಿಟ್ಟಿತು. ಇದು ಪಂಕಜದಂತೆಯೇ ಯೋಗರೂಢಕ್ಕೆ ನಿದರ್ಶನ.

ಹೆಸರಿನ ಜೊತೆಗೆ ಪೋಪಿಯವರು ಸಂಖ್ಯೆಯನ್ನೂ ಇಟ್ಟರು. ಮೊದಲನೆಯ ಮಾಜಿಂಗರನಿಗೆ ಜಿಎ-೦೧ ಎಂದು ಗುರುತು. ಜಿಎ ಸಾಲು ಬೆಳೆದು ಮುಗಿದ ಮೇಲೆ ಜಿಬಿ ಸಾಲು ಬಂದಿತು. ಕೋಶಕಾರನಾದ ಅಮರಸಿಂಹನು ಲೋಕದ ವಸ್ತುಗಳನ್ನೆಲ್ಲ ವರ್ಗಗಳಾಗಿ ಹಂಚಿ ಶ್ಲೋಕಗಳಲ್ಲಿ ಪೋಣಿಸಿದಂತೆ, ಇವರು ತಮ್ಮ ಸರಕನ್ನು ಅಕ್ಷರಗಳ ವರ್ಗದಲ್ಲಿ ಅಂಕಿಗಳಿಂದ ಪೋಣಿಸಿದರು. ಅಂಗಡಿಯವನು ಕಾರ್ಖಾನೆಗೆ ಕಾಗದ ಬರೆಯಲು ಅದು ಅನುಕೂಲ. ಆದರೆ ಅದರಿಂದ ಇನ್ನೊಂದು ಪರಿಣಾಮವೂ ಆಯಿತು: ಒಂದನ್ನೂ ಎರಡನ್ನೂ ನಾಲ್ಕನ್ನೂ ಉಳ್ಳ ಬಾಲಕನಿಗೆ ಮೂರನೆಯದು ತನ್ನಲ್ಲಿಲ್ಲವೆಂಬುದು ತಿಳಿದುಹೋಯಿತು. ಪಟ್ಟಿಯು ಕಾರ್ಖಾನೆಯ ಲೆಕ್ಕವಷ್ಟೇ ಆಗಿ ಉಳಿಯದೆ ಮಗುವಿನ ಆಸೆಯ ಲೆಕ್ಕವೂ ಆಯಿತು.

ರೂಪಾಂತರದ ಕೌಶಲವು ಇದಾದ ಮೇಲೆ ಬೆಳೆಯಿತು. ೧೯೭೫ರಲ್ಲಿ ‘ರೈಡೀನ್’ ಎಂಬ ಕಥೆಯ ಯಂತ್ರಪುರುಷನು ಹಕ್ಕಿಯ ರೂಪ ತಾಳುತ್ತಿದ್ದನು. ಪೋಪಿಯ ಗೊಂಬೆಯೂ ಹಾಗೆಯೇ ತಾಳಿತು. ೧೯೭೬ರಲ್ಲಿ ‘ಕಾಂಬಾಟ್ಲರ್ ವಿ’ ಬಂದಾಗ ಐದು ಯಂತ್ರಗಳು ಒಂದಕ್ಕೊಂದು ಸೇರಿ ಒಬ್ಬ ದೈತ್ಯನಾಗತೊಡಗಿದುವು. ಐದರಲ್ಲಿ ಒಂದು ಇಲ್ಲದಿದ್ದರೂ ದೈತ್ಯನು ಅಂಗಹೀನ. ತಾಯ್ತಂದೆಗಳ ಕೈಚೀಲಕ್ಕೆ ಇದು ಎಂಥ ಪರೀಕ್ಷೆಯೆಂಬುದನ್ನು ನಾವು ವಿವರಿಸಬೇಕಾಗಿಲ್ಲ.

ಇನ್ನೊಂದು ಕಂಪೆನಿ ಟಕಾರಾ. ಜಪಾನೀ ಭಾಷೆಯಲ್ಲಿ ಈ ಮಾತಿಗೆ ನಿಧಿಯೆಂದು ಅರ್ಥ. ೧೯೫೫ರಲ್ಲಿ ವಿನೈಲ್ ಸಾಮಾನು ಮಾಡುವ ಚಿಕ್ಕ ಕಾರ್ಖಾನೆಯಾಗಿ ಹುಟ್ಟಿ, ೧೯೬೭ರಲ್ಲಿ ಲಿಕ್ಕಾ ಎಂಬ ಹುಡುಗಿಯ ಗೊಂಬೆಯಿಂದ ಪ್ರಸಿದ್ಧಿಗೆ ಬಂದಿತು. ಅಮೆರಿಕಾದ ಹ್ಯಾಸ್‌ಬ್ರೋ ಕಂಪೆನಿಯವರು ೧೯೬೪ರಲ್ಲಿ ಜಿ. ಐ. ಜೋ ಎಂಬ ಸಿಪಾಯಿ ಗೊಂಬೆಯನ್ನು ಹೊರಡಿಸಿದ್ದರು. ಟಕಾರಾದವರು ಅದನ್ನು ಅನುಮತಿ ಪಡೆದು ಜಪಾನಿನಲ್ಲಿ ಮಾರಿದರು. ಆ ಸಿಪಾಯಿಯ ಮೈಕಟ್ಟನ್ನೇ ಮಾರ್ಪಡಿಸಿ ೧೯೭೨ರಲ್ಲಿ ‘ಹೆನ್‌ಶಿನ್ ಸೈಬೋರ್ಗ್’ ಎಂಬ ಪಾರದರ್ಶಕ ದೇಹದ ಗೊಂಬೆಯನ್ನು ಮಾಡಿದರು. ಹೆನ್‌ಶಿನ್ ಎಂದರೆ ದೇಹಪರಿವರ್ತನೆ. ಸುಮಾರು ೩೦ ಸೆಂಟಿಮೀಟರಿದ್ದ ಅದು ೧೯೭೪ರಲ್ಲಿ ಸುಮಾರು ೧೦ ಸೆಂಟಿಮೀಟರಿನ ‘ಮೈಕ್ರೋಮ್ಯಾನ್’ ಆಗಿ ಕುಗ್ಗಿತು. ೧೯೮೦ರಲ್ಲಿ ‘ಡಯಾಕ್ಲೋನ್’ ಎಂಬ ಇನ್ನೊಂದು ಸಾಲು ಹೊರಟಿತು. ಇದರ ಮನುಷ್ಯರು ಇನ್ನೂ ಚಿಕ್ಕವರು, ಬೆರಳಿನ ಒಂದು ಗೆಣ್ಣಿನಷ್ಟು ಮಾತ್ರ. ಅವರ ಪಾದಗಳಲ್ಲಿ ಅಯಸ್ಕಾಂತವಿತ್ತು.

ಡಯಾಕ್ಲೋನಿನಲ್ಲಿ ೧೯೮೨ರಿಂದ ‘ಕಾರ್ ರೋಬೋ’ ಎಂಬ ಉಪವರ್ಗವು ಸೇರಿತು. ಬೀದಿಯಲ್ಲಿ ಓಡಾಡುವ ನಿಜವಾದ ಮೋಟಾರುಗಳ ಪ್ರತಿರೂಪಗಳೇ ಯಂತ್ರಪುರುಷರಾಗಿ ಎದ್ದು ನಿಲ್ಲುತ್ತಿದ್ದುವು. ಇವಕ್ಕೆ ಹೆಸರೇನು? ವರ್ಗದ ಹೆಸರು, ಸಂಖ್ಯೆ, ಮೋಟಾರಿನ ಹೆಸರು, ಇಷ್ಟೇ. ಫೇರ್‌ಲೇಡಿ ಝಡ್ ಮೋಟಾರು ಫೇರ್‌ಲೇಡಿ ಝಡ್ ಎಂಬುದಾಗಿಯೇ ಇತ್ತು. ಲಾರಿಯ ರೂಪದ್ದು ‘ಬ್ಯಾಟಲ್ ಕಾನ್ವಾಯ್’, ಹದಿನೇಳನೆಯ ಸಂಖ್ಯೆ. ಕಾನ್ವಾಯ್ ಎಂದರೆ ಸಾಲುಗೊಂಡು ಹೋಗುವ ಬಂಡಿಗಳು. ಒಂದೊಂದು ಗೊಂಬೆಗೂ ಸ್ವಂತ ಹೆಸರಿಲ್ಲದಿರುವುದಕ್ಕೆ ಕಾರಣವೂ ಉಂಟು. ಆ ಕಥೆಯಲ್ಲಿ ಯಂತ್ರವು ವಾಹನ ಮಾತ್ರ. ಒಳಗೆ ಕುಳಿತ ಬೆರಳುದ್ದದ ಮನುಷ್ಯನೇ ವೀರ. ರಥಕ್ಕೆ ರಥಿಕನಿರುವಾಗ ರಥವು ಮಾತಾಡಬೇಕಾಗಿಲ್ಲವಷ್ಟೆ.

ಮೈಕ್ರೋಮ್ಯಾನ್ ಸಾಲಿನಲ್ಲಿಯೂ ೧೯೮೩ರಲ್ಲಿ ‘ಮೈಕ್ರೋ ಚೇಂಜ್’ ಎಂಬ ಉಪವರ್ಗ ಹುಟ್ಟಿತು. ಇದರ ಗುರುತು ಎಂಸಿ. ಇಲ್ಲಿ ಗೊಂಬೆಗಳು ಮನೆಯ ವಸ್ತುಗಳಾಗಿ ಅಡಗುತ್ತಿದ್ದುವು: ಎಂಸಿ-೧೦ ಕ್ಯಾಸೆಟ್ ಯಂತ್ರ, ಎಂಸಿ-೧೨ ವಾಲ್ಟರ್ ಪಿಸ್ತೂಲು, ಮತ್ತೊಂದು ಸೂಕ್ಷ್ಮದರ್ಶಕ. ಪಿಸ್ತೂಲಿನ ಗೊಂಬೆ ಪಿಸ್ತೂಲಿನಷ್ಟೇ ಇರುತ್ತಿತ್ತು. ಡಯಾಕ್ಲೋನಿನ ಲಾರಿಯಾದರೋ ನಿಜವಾದ ಲಾರಿಯನ್ನು ಎಷ್ಟೋ ಪಾಲು ಕುಗ್ಗಿಸಿ ಮಾಡಿದ್ದು. ಈ ಎರಡು ಅಳತೆಗಳ ಭೇದವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಮುಂದೆ ಇದರಿಂದ ಒಂದು ವಿನೋದ ಹುಟ್ಟಲಿದೆ.

ಇದೇ ಕಾಲಕ್ಕೆ ಪೋಪಿಯವರು ೧೯೮೨ರಲ್ಲಿ ‘ಮೆಷೀನ್ ರೋಬೋ’ ಎಂಬ ಅಗ್ಗದ ಸಾಲನ್ನು ಹೊರಡಿಸಿದರು. ಒಂದಕ್ಕೆ ೬೦೦ ಯೆನ್ ಬೆಲೆಯಾದುದರಿಂದ ಆ ಸಾಲಿಗೆ ‘೬೦೦’ ಎಂದೇ ಹೆಸರು ಬಿದ್ದಿತು, ಬೆಲೆಯೇ ಬಿರುದಾಯಿತು. ಎಂಆರ್-೦೧ ಬೈಕ್ ರೋಬೋ. ಉಳಿದುವಕ್ಕೂ ಹೀಗೆಯೇ ರೂಪವನ್ನು ಹೇಳುವ ಹೆಸರುಗಳು. ಇವೆಲ್ಲ ಶುದ್ಧ ಯೌಗಿಕಗಳು. ಅಮೆರಿಕಾದ ಟೊಂಕಾ ಕಂಪೆನಿಯವರು ಇವನ್ನು ತರಿಸಿ ‘ಗೋಬಾಟ್ಸ್’ ಎಂದು ಮಾರಿದರು. ಬೈಕ್ ರೋಬೋ ಅಲ್ಲಿ ‘ಸೈಕಿಲ್’ ಆದನು. ಸೈಕಲ್ ಎಂಬ ಮಾತಿನೊಳಗೆ ಕೊಲ್ಲುವುದೆಂಬ ಅರ್ಥದ ಇಂಗ್ಲಿಷ್ ಮಾತನ್ನು ಅಡಗಿಸಿದ ಶ್ಲೇಷೆಯಿದು. ಆ ಹೆಸರಿನಿಂದ ಅವನು ಖಳನಾಯಕನೂ ಆದನು. ಅದೇ ಅಚ್ಚಿನ ಗೊಂಬೆಗಳು ಆಸ್ಟ್ರೇಲಿಯದಲ್ಲಿ ‘ಮೆಷೀನ್ ಮೆನ್’ ಎಂದೂ ಯೂರೋಪಿನಲ್ಲಿ ‘ರೋಬೋ ಮೆಷೀನ್’ ಎಂದೂ ಕರೆಯಿಸಿಕೊಂಡುವು. ಒಂದೇ ವಸ್ತುವಿಗೆ ನಾಲ್ಕು ಪರ್ಯಾಯ ಪದಗಳು!

ಈಗ ೧೯೮೩-೮೪ರ ಮುಖ್ಯ ಸಂಗತಿಗೆ ಬರೋಣ. ಹೆನ್ರಿ ಓರೆನ್‌ಸ್ಟೈನ್ ಎಂಬುವನು ನಾಜಿಗಳ ಸೆರೆಶಿಬಿರಗಳಲ್ಲಿ ಬದುಕಿ ಉಳಿದು ಅಮೆರಿಕಾಕ್ಕೆ ಬಂದು ಆಟಿಕೆಗಳ ಕಲ್ಪಕನಾಗಿದ್ದವನು. ಟಕಾರಾದ ಬಹುರೂಪಿಗಳಲ್ಲಿ ಎಂಥ ಭಾಗ್ಯವಡಗಿದೆಯೆಂಬುದನ್ನು ಕಂಡು, ಅವನ್ನು ತೆಗೆದುಕೊಳ್ಳುವಂತೆ ಹ್ಯಾಸ್‌ಬ್ರೋ ಕಂಪೆನಿಯನ್ನು ಒಪ್ಪಿಸಿದನು. ಹ್ಯಾಸ್‌ಬ್ರೋದವರು ಡಯಾಕ್ಲೋನಿನಿಂದ ಕೆಲವು, ಮೈಕ್ರೋ ಚೇಂಜಿನಿಂದ ಕೆಲವು ಗೊಂಬೆಗಳನ್ನು ಆರಿಸಿ, ಎರಡು ಬೇರೆ ಬೇರೆ ಕುಲಗಳನ್ನು ಒಂದೇ ಕೊಡೆಯ ಕೆಳಗೆ ತಂದು ‘ಟ್ರಾನ್ಸ್‌ಫಾರ್ಮರ್ಸ್’ ಎಂಬ ಹೆಸರಿನಿಂದ ೧೯೮೪ರಲ್ಲಿ ಮಾರಿದರು. ಗೊಂಬೆಗಳ ಅಚ್ಚನ್ನು ಅವರು ಹೆಚ್ಚಾಗಿ ಮುಟ್ಟಲಿಲ್ಲ. ಅವರು ಮಾಡಿದ ದೊಡ್ಡ ಕೆಲಸವೆಂದರೆ ಒಳಗಿನ ಪುಟ್ಟ ಮನುಷ್ಯನನ್ನು ಕೆಳಗಿಳಿಸಿ, ಯಂತ್ರಕ್ಕೇ ಜೀವವಿದೆಯೆಂದು ಸಾರಿದ್ದು. ಜೀವವಿದ್ದ ಮೇಲೆ ನಾಮಕರಣವಾಗಲೇಬೇಕು.

ಆ ನಾಮಕರಣದ ಪೌರೋಹಿತ್ಯವನ್ನು ಮಾರ್ವೆಲ್ ಎಂಬ ಚಿತ್ರಕಥೆಗಳ ಕಂಪೆನಿಗೆ ಒಪ್ಪಿಸಿದರು. ಜಿಮ್ ಶೂಟರ್ ಎಂಬ ಸಂಪಾದಕನು ಕಥೆಯ ಚೌಕಟ್ಟನ್ನು ಹಾಕಿದನು. ಡೆನ್ನಿ ಓ’ನೀಲ್ ಎಂಬ ಲೇಖಕನು ಲಾರಿಯ ಯಂತ್ರಪುರುಷನಿಗೆ ‘ಆಪ್ಟಿಮಸ್ ಪ್ರೈಮ್’ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಆಪ್ಟಿಮಸ್ ಎಂದರೆ ಅತ್ಯುತ್ತಮ. ಪ್ರೈಮ್ ಎಂದರೆ ಮೊದಲಿಗ. ಉಳಿದ ಬಹುಮಂದಿಗೆ ಹೆಸರನ್ನೂ ಗುಣವನ್ನೂ ಕೊಟ್ಟವನು ಬಾಬ್ ಬುಡಿಯಾನ್ಸ್ಕಿ. ಪಿಸ್ತೂಲಿನ ಗೊಂಬೆಗೆ ಅವನು ‘ಮೆಗಾಟ್ರಾನ್’ ಎಂಬ ಹೆಸರನ್ನು ಸೂಚಿಸಿದಾಗ, ಅಣುಬಾಂಬಿನ ಬಲವನ್ನು ಅಳೆಯುವ ಮೆಗಾಟನ್ ಎಂಬ ಮಾತು ನೆನಪಾಗಿ ಮಕ್ಕಳು ಹೆದರಿಯಾರೆಂದು ಹ್ಯಾಸ್‌ಬ್ರೋದವರು ಹಿಂಜರಿದರಂತೆ. ಖಳನಾಯಕನ ಹೆಸರು ಕೇಳಿದರೆ ಹೆದರಿಕೆಯಾಗಲೇಬೇಕಲ್ಲವೇ ಎಂದು ಅವನು ಉತ್ತರ ಕೊಟ್ಟನು. ಹೆಸರು ನಿಂತಿತು.

ಒಳ್ಳೆಯವರ ಪಕ್ಷಕ್ಕೆ ‘ಆಟೋಬಾಟ್’ ಎಂದೂ ಕೆಟ್ಟವರ ಪಕ್ಷಕ್ಕೆ ವಂಚನೆಯೆಂಬ ಅರ್ಥವು ಸುಳಿಯುವ ‘ಡಿಸೆಪ್ಟಿಕಾನ್’ ಎಂದೂ ಹೆಸರಾಯಿತು. ಎರಡಕ್ಕೂ ಮುಖದ ಆಕಾರದ ಲಾಂಛನಗಳು. ಪೆಟ್ಟಿಗೆಯ ಹಿಂಬದಿಯಲ್ಲಿ ಒಂದು ಜಾತಕವನ್ನೇ ಮುದ್ರಿಸಿದರು. ಬಲ, ಬುದ್ಧಿ, ವೇಗ, ತಾಳಿಕೆ, ಪದವಿ, ಧೈರ್ಯ, ಅಸ್ತ್ರಶಕ್ತಿ, ಕೌಶಲ ಎಂಬ ಎಂಟು ಗುಣಗಳನ್ನು ಒಂದರಿಂದ ಹತ್ತರವರೆಗೆ ಅಳೆದ ರೇಖೆ. ಅದರ ಜೊತೆಗೆ ಸ್ವಭಾವವನ್ನು ಹೇಳುವ ಕೆಲವು ವಾಕ್ಯಗಳು. ಎಂಟು ಗುಣಗಳ ರೇಖೆಯು ಬರಿಗಣ್ಣಿಗೆ ಕಾಣದಂತೆ ಕೆಂಪು ಗೆರೆಗಳಿಂದ ಮುಚ್ಚಿದ್ದು, ಒಳಗಿಟ್ಟಿದ್ದ ಕೆಂಪು ಹಾಳೆಯ ಮೂಲಕ ನೋಡಿದರೆ ಮಾತ್ರ ಕಾಣುತ್ತಿತ್ತು. ಮಗುವು ತಾನೇ ಗುಟ್ಟನ್ನು ಒಡೆದಂತೆ ಹಿಗ್ಗುತ್ತಿತ್ತು.

ಹೆಸರಿನ ಶಕ್ತಿಯೆಷ್ಟೆಂಬುದಕ್ಕೆ ಒಂದು ನಿದರ್ಶನವನ್ನು ಮಾತ್ರ ಹೇಳುವೆವು. ಡಯಾಕ್ಲೋನಿನಲ್ಲಿ ಎಫ್-೧೫ ಯುದ್ಧವಿಮಾನದ ಗೊಂಬೆಯೊಂದಿತ್ತು. ಹ್ಯಾಸ್‌ಬ್ರೋದವರು ಆ ಒಂದೇ ಅಚ್ಚನ್ನು ಬೇರೆ ಬೇರೆ ಬಣ್ಣದಲ್ಲಿ ಹೊಯ್ದು ೧೯೮೪ರಲ್ಲಿ ಮೂವರನ್ನು ಮಾಡಿದರು. ಒಬ್ಬನು ಸ್ಟಾರ್‌ಸ್ಕ್ರೀಮ್, ಒಡೆಯನ ಪದವಿಯನ್ನು ಕಸಿದುಕೊಳ್ಳಲು ಹೊಂಚುವ ದ್ರೋಹಿ. ಇನ್ನೊಬ್ಬನು ಥಂಡರ್‌ಕ್ರ್ಯಾಕರ್, ತನ್ನ ಪಕ್ಷವು ನ್ಯಾಯವೋ ಅಲ್ಲವೋ ಎಂದು ಒಳಗೊಳಗೇ ಸಂದೇಹಪಡುವವನು. ಮೂರನೆಯವನು ಸ್ಕೈವಾರ್ಪ್, ಇದ್ದಕ್ಕಿದ್ದಂತೆ ಮಾಯವಾಗಿ ಬೇರೊಂದೆಡೆ ಕಾಣಿಸಿಕೊಂಡು ಕುಚೋದ್ಯ ಮಾಡುವವನು. ಅಚ್ಚು ಒಂದೇ, ಪ್ಲಾಸ್ಟಿಕ್ಕು ಒಂದೇ. ಮಕ್ಕಳಿಗೆ ಮಾತ್ರ ಅವರು ಮೂವರು. ವೇದಾಂತಿಗಳು ಮಣ್ಣೊಂದೇ, ಮಡಕೆ ಕುಡಿಕೆಗಳೆಂಬುವು ನಾಮರೂಪಗಳು ಮಾತ್ರವೆಂದು ಹೇಳುವರು. ಆ ಮಾತನ್ನು ವ್ಯಾಪಾರಿಯು ತಿರುಗಿಸಿ ಹಿಡಿದನು: ನಾಮರೂಪಗಳನ್ನು ಬದಲಿಸಿದರೆ ಒಂದೇ ಮಣ್ಣನ್ನು ಮೂರು ಸಲ ಮಾರಬಹುದು. ಇದನ್ನು ಬರಿಯ ವಂಚನೆಯೆಂದು ತಳ್ಳಿಹಾಕಲು ನಮಗೆ ಮನಸ್ಸು ಬಾರದು. ಹೆಸರಿನಿಂದ ಹುಟ್ಟಿದ ಕಥೆಯೂ ಮಗುವಿನ ಪ್ರೀತಿಯೂ ನಿಜವೇ ಆಗಿದ್ದುವು.

ಮೇಲೆ ಹೇಳಿದ ಅಳತೆಯ ವಿನೋದವು ಇಲ್ಲಿ ಬರುತ್ತದೆ. ಮೆಗಾಟ್ರಾನನು ಪಿಸ್ತೂಲು, ಅವನ ಸೇವಕನಾದ ಸ್ಟಾರ್‌ಸ್ಕ್ರೀಮನು ವಿಮಾನ. ಕಥೆಯಲ್ಲಿ ಒಡೆಯನು ಮೈ ಕುಗ್ಗಿಸಿಕೊಂಡು ಸೇವಕನ ಕೈಯಲ್ಲಿ ಪಿಸ್ತೂಲಾಗಿ ಸೇರುವನು. ಹೀಗೇಕೆಂದು ಕೇಳುವ ಬಾಲಕನಿಗೆ ಕಥೆ ಉತ್ತರ ಕೊಡಲಾರದು, ಉತ್ತರವು ಪಟ್ಟಿಯಲ್ಲಿದೆ. ಒಬ್ಬನು ಮೈಕ್ರೋ ಚೇಂಜಿನವನು, ಇನ್ನೊಬ್ಬನು ಡಯಾಕ್ಲೋನಿನವನು. ಎರಡು ಅಳತೆಯ ಎರಡು ಮನೆಗಳ ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತಿದ್ದಾರೆ.

೧೯೮೫ರಲ್ಲಿ ಈ ಗೊಂಬೆಗಳು ಹೊಸ ಹೆಸರನ್ನು ಹೊತ್ತು ತವರಿಗೆ ಹಿಂದಿರುಗಿದುವು. ಟಕಾರಾದವರು ಟ್ರಾನ್ಸ್‌ಫಾರ್ಮರ್ಸ್ ಎಂಬ ಕುಲನಾಮವನ್ನು ಅಂಗೀಕರಿಸಿದರು; ಒಳಗಿನ ಹೆಸರುಗಳಲ್ಲಿ ಕೆಲವನ್ನು ಮಾತ್ರ ತಮ್ಮ ಇಚ್ಛೆಯಂತೆ ಬದಲಿಸಿದರು. ಆಪ್ಟಿಮಸ್ ಪ್ರೈಮನು ಅಲ್ಲಿ ಕಾನ್ವಾಯ್ ಆಗಿಯೇ ಉಳಿದನು. ಡಯಾಕ್ಲೋನಿನ ಹದಿನೇಳನೆಯವನಿಗೆ ಹೊಸ ಪಟ್ಟಿಯಲ್ಲಿ ೦೧ ಎಂಬ ಅಗ್ರಸ್ಥಾನ ದೊರೆಯಿತು. ಜಾಝ್ ಎಂಬುವನು ಮೈಸ್ಟರ್ ಆದನು. ಬಂಬಲ್‌ಬೀ ಎಂಬುವನು ಬಂಬಲ್ ಆದನು. ಆಟೋಬಾಟ್ ಪಕ್ಷಕ್ಕೆ ‘ಸೈಬರ್ಟ್ರಾನ್’ ಎಂದೂ ಡಿಸೆಪ್ಟಿಕಾನ್ ಪಕ್ಷಕ್ಕೆ ‘ಡೆಸ್ಟ್ರಾನ್’ ಎಂದೂ ಹೆಸರಾಯಿತು. ಅಮೆರಿಕಾದವರಿಗೆ ಸೈಬರ್ಟ್ರಾನ್ ಎಂಬುದು ಇವರ ಗ್ರಹದ ಹೆಸರು. ಜಪಾನಿನಲ್ಲಿ ಗ್ರಹದ ಹೆಸರನ್ನು ಉಚ್ಚಾರಣೆಯಲ್ಲಿ ಸ್ವಲ್ಪ ಬೇರೆ ಮಾಡಿ ‘ಸೇಬರ್ಟ್ರಾನ್’ ಎಂದರು. ಪಕ್ಷಗಳ ಮೊದಲಕ್ಷರಗಳಾದ ಸಿ ಮತ್ತು ಡಿಗಳೇ ಮುಂದೆ ಪಟ್ಟಿಯ ಸಂಖ್ಯೆಗಳ ಮುಂದೆ ಕುಳಿತುವು. ಸಂಖ್ಯೆಯನ್ನು ನೋಡಿದ ಮಾತ್ರಕ್ಕೆ ಇವನು ದೇವಪಕ್ಷದವನೋ ದಾನವಪಕ್ಷದವನೋ ತಿಳಿಯುತ್ತಿತ್ತು.

ಕಾಲಕ್ರಮದಲ್ಲಿ ಕಾನ್ವಾಯ್ ಎಂಬ ಅಂಕಿತನಾಮವು ಅಲ್ಲಿ ಪದವಿಯ ಹೆಸರಾಯಿತು. ಅಮೆರಿಕಾದಲ್ಲಿ ರೋಡಿಮಸ್ ಪ್ರೈಮ್ ಆದವನು ಜಪಾನಿನಲ್ಲಿ ರೋಡಿಮಸ್ ಕಾನ್ವಾಯ್. ನಮ್ಮಲ್ಲಿ ಇಂದ್ರನೆಂಬುದು ಒಬ್ಬನ ಹೆಸರೂ ಹೌದು, ಆ ಗದ್ದುಗೆಯನ್ನೇರಿದವರ ಹೆಸರೂ ಹೌದಲ್ಲವೇ, ಹಾಗೆ. ೨೦೦೭ರಲ್ಲಿ ಅಮೆರಿಕಾದ ದೊಡ್ಡ ಚಲಚ್ಚಿತ್ರ ಬಂದ ಮೇಲೆ ಜಪಾನಿನಲ್ಲಿಯೂ ಆಪ್ಟಿಮಸ್ ಪ್ರೈಮ್, ಆಟೋಬಾಟ್, ಡಿಸೆಪ್ಟಿಕಾನ್ ಎಂಬ ಹೆಸರುಗಳೇ ಹೆಚ್ಚು ಪ್ರಚಾರಕ್ಕೆ ಬ೦ದುವು. ಹಳೆಯ ಹೆಸರು ಹಳೆಯ ಪ್ರಿಯರಿಗಾಗಿ ಮಾಡುವ ಗೊಂಬೆಗಳಲ್ಲಿ ಬಹುಕಾಲ ಉಳಿಯಿತು.

ಹೆಸರು ಪ್ರೀತಿಯನ್ನು ತರುವುದಾದರೆ ಅದು ಸ್ವತ್ತೂ ಆಗುತ್ತದೆ. ಸ್ವತ್ತಾದ ಮೇಲೆ ವ್ಯಾಜ್ಯವೂ ತಪ್ಪದು. ಟಕಾತೋಕು ಎಂಬ ಕಂಪೆನಿಯವರು ೧೯೮೨ರಲ್ಲಿ ‘ಮ್ಯಾಕ್ರಾಸ್’ ಕಥೆಯ ವಿಮಾನವನ್ನು ಬಹು ಸೊಗಸಾಗಿ ಮಾಡಿದ್ದರು. ಹ್ಯಾಸ್‌ಬ್ರೋದವರು ೧೯೮೫ರಲ್ಲಿ ಅದನ್ನು ‘ಜೆಟ್‌ಫೈರ್’ ಎಂದು ತಮ್ಮ ಪಂಕ್ತಿಗೆ ಸೇರಿಸಿದರು. ಆದರೆ ಟಕಾತೋಕು ೧೯೮೪ರಲ್ಲಿಯೇ ದಿವಾಳಿಯಾಗಿ, ಅದರ ಅಚ್ಚುಗಳು ಟಕಾರಾದ ಪ್ರತಿಸ್ಪರ್ಧಿಯಾದ ಬಂದಾಯ್ ಕಂಪೆನಿಯ ಕೈಸೇರಿದ್ದುವು. ಆದಕಾರಣ ದೂರದರ್ಶನದ ಕಥೆಯಲ್ಲಿ ಆ ಪಾತ್ರದ ರೂಪವನ್ನೂ ಹೆಸರನ್ನೂ ಬದಲಿಸಿ ‘ಸ್ಕೈಫೈರ್’ ಎಂದರು. ಕಥೆಯಲ್ಲಿ ಕಂಡ ಹೆಸರನ್ನು ಅಂಗಡಿಯಲ್ಲಿ ಕೇಳಿದ ಹುಡುಗನಿಗೆ ಆ ಹೆಸರಿನ ಗೊಂಬೆಯೇ ಸಿಕ್ಕುತ್ತಿರಲಿಲ್ಲ. ಗೋಬಾಟ್ಸ್ ಎಂಬ ಹೆಸರಿನ ಗತಿಯೂ ವಿಚಿತ್ರವೇ. ಹ್ಯಾಸ್‌ಬ್ರೋದವರು ೧೯೯೧ರಲ್ಲಿ ಟೊಂಕಾ ಕಂಪೆನಿಯನ್ನೇ ಕೊಂಡುಕೊಂಡರು. ಒಂದು ಕಾಲದ ಎದುರಾಳಿಯ ಹೆಸರು ಗೆದ್ದವನ ಉಗ್ರಾಣಕ್ಕೆ ಬಂದು ಬಿದ್ದಿತು.

ಇನ್ನು ಗೃಹಸ್ಥರಿಗೆ ನೇರವಾಗಿ ಪ್ರಯೋಜನವಾಗತಕ್ಕ ವಿಷಯ. ಈ ಗೊಂಬೆಗಳ ಮೈಮೇಲೆ ಚಿಕ್ಕ ಅಕ್ಷರಗಳಲ್ಲಿ ಕಂಪೆನಿಯ ಹೆಸರೂ ಇಸವಿಗಳೂ ಒತ್ತಿರುತ್ತವೆ. ಮೈಕ್ರೋ ಚೇಂಜಿನಿಂದ ಬಂದ ಹಲವುಗಳ ಮೇಲೆ ೧೯೭೪ ಎಂದೂ, ಡಯಾಕ್ಲೋನಿನಿಂದ ಬಂದ ಹಲವುಗಳ ಮೇಲೆ ೧೯೮೦ ಎಂದೂ ಕಾಣುವುದು. ಇದನ್ನು ಕಂಡವರು ಗೊಂಬೆಯು ಆ ವರ್ಷದಲ್ಲಿಯೇ ತಯಾರಾದುದೆಂದು ಭ್ರಮಿಸುವರು. ಹಳೆಯದೆಂದು ನಂಬಿ ಹೆಚ್ಚು ಬೆಲೆಯನ್ನೂ ಕೊಡುವರು. ಆ ಇಸವಿಯು ಹಕ್ಕು ಹುಟ್ಟಿದ ವರ್ಷವನ್ನು ಹೇಳುತ್ತದೆಯೇ ಹೊರತು ವಸ್ತು ಹುಟ್ಟಿದ ವರ್ಷವನ್ನಲ್ಲ. ಗ್ರಂಥದಲ್ಲಿ ಮೊದಲ ಮುದ್ರಣದ ವರ್ಷವೇ ಬೇರೆ, ಕೈಯಲ್ಲಿರುವ ಮುದ್ರಣದ ವರ್ಷವೇ ಬೇರೆಯಾಗಿರುವಂತೆ ಇದನ್ನು ತಿಳಿಯಬೇಕು. ಹ್ಯಾಸ್‌ಬ್ರೋದವರು ೨೦೦೨ರಲ್ಲಿ ಹಳೆಯ ಗೊಂಬೆಗಳನ್ನು ಮತ್ತೆ ತಯಾರಿಸಿ ಮಾರಿದರು. ಹೀಗಿರಲು ಮೈಯನ್ನು ಮಾತ್ರ ನೋಡಿ ವಯಸ್ಸನ್ನು ಹೇಳುವುದು ಸಾಹಸ. ಪೆಟ್ಟಿಗೆಯೂ ಕಾಗದಪತ್ರಗಳೂ ಇದ್ದರೆ ಮಾತ್ರ ನಿರ್ಣಯ ಸುಲಭ. ಕಳ್ಳನಕಲುಗಳ ಹಾವಳಿಗಾಗಿ ಕಂಪೆನಿಯವರು ೧೯೮೫ರಿಂದ ಒಂದು ಚೀಟಿಯನ್ನೂ ಅಂಟಿಸುತ್ತಿದ್ದರು. ಬೆರಳಿನಿಂದ ಉಜ್ಜಿದರೆ ಬಿಸಿಗೆ ಅದರಲ್ಲಿ ಪಕ್ಷದ ಲಾಂಛನವು ಮೂಡುತ್ತಿತ್ತು.

ಗೊಂಬೆಗಳೊಡನೆ ಬೆಳೆದ ಮಕ್ಕಳು ದೊಡ್ಡವರಾದ ಮೇಲೆ ಅವರಿಗಾಗಿಯೇ ಬೆಲೆಯುಳ್ಳ ಸಾಲುಗಳು ಹೊರಟುವು. ಬಂದಾಯ್‌ನವರು ೧೯೯೭ರಲ್ಲಿ ‘ಸೋಲ್ ಆಫ್ ಚೋಗೋಕಿನ್’ ಎಂಬ ಸಾಲನ್ನು ಆರಂಭಿಸಿ, ಜಿಎಕ್ಸ್-೦೧ ಎಂದು ಮತ್ತೆ ಮಾಜಿಂಗರನನ್ನೇ ಮೊದಲಿಗೆ ಕೂರಿಸಿದರು. ಟಕಾರಾದವರು ೨೦೦೩ರಲ್ಲಿ ‘ಮಾಸ್ಟರ್‌ಪೀಸ್’ ಸಾಲನ್ನು ಆರಂಭಿಸಿದರು. ಅದರ ಎಂಪಿ-೦೧ ಕಾನ್ವಾಯ್. ೨೦೦೬ರಲ್ಲಿ ಟಕಾರಾ ಕಂಪೆನಿಯು ಟೋಮಿ ಕಂಪೆನಿಯೊಡನೆ ಸೇರಿ ‘ಟಕಾರಾ ಟೋಮಿ’ ಆಯಿತು. ಮಾಸ್ಟರ್‌ಪೀಸ್ ಸಾಲು ನಿಲ್ಲಲಿಲ್ಲ. ೨೦೧೧ರಲ್ಲಿ ಎಂಪಿ-೧೦ ಎಂದೂ ೨೦೧೯ರಲ್ಲಿ ಎಂಪಿ-೪೪ ಎಂದೂ ಅದೇ ಕಾನ್ವಾಯ್ ಹೊಸದಾಗಿ ಹುಟ್ಟಿದನು. ಹೆಸರೊಂದನ್ನೇ ಹೇಳಿ ಅಂಗಡಿಯಲ್ಲಿ ಕೇಳಿದರೆ ಮೂವರಲ್ಲಿ ಯಾರೆಂದು ತಿಳಿಯದು; ಸಂಖ್ಯೆಯೊಂದೇ ಭೇದವನ್ನು ಹೇಳಬಲ್ಲುದು. ಒಂದು ಅಚ್ಚಿಗೆ ಮೂರು ಹೆಸರುಗಳಿದ್ದುದನ್ನು ಮೊದಲು ಕಂಡೆವು. ಈಗ ಒಂದು ಹೆಸರಿಗೆ ಮೂರು ಅಚ್ಚುಗಳು. ೨೦೧೬ರಲ್ಲಿ ಡಯಾಕ್ಲೋನ್ ಎಂಬ ಹಳೆಯ ಹೆಸರೂ ಡಿಎ-೦೧ ಎಂಬ ಸಂಖ್ಯೆಯಿಂದ ಮರಳಿ ಬಂದಿತು; ಅದರೊಡನೆ ಪಾದದಲ್ಲಿ ಅಯಸ್ಕಾಂತವುಳ್ಳ ಪುಟ್ಟ ಮನುಷ್ಯನೂ ಮರಳಿ ಬಂದು ತನ್ನ ರಥದಲ್ಲಿ ಕುಳಿತನು.

ಟಕಾರಾದ ೧೯೮೫ರ ಪಟ್ಟಿಯಲ್ಲಿ ಮೆಗಾಟ್ರಾನನ ಸಂಖ್ಯೆ ೧೬. ೨೦೨೪ರಲ್ಲಿ ಬಂದ ‘ಟ್ರಾನ್ಸ್‌ಫಾರ್ಮರ್ಸ್ ಒನ್’ ಎಂಬ ಚಲಚ್ಚಿತ್ರದಲ್ಲಿ ಗಣಿಯಲ್ಲಿ ದುಡಿಯುವ ಒಬ್ಬ ಬಡ ಯಂತ್ರಪುರುಷನಿದ್ದಾನೆ. ರೂಪ ಬದಲಿಸುವ ಶಕ್ತಿಯೂ ಅವನಿಗೆ ಮೊದಲಿಗಿಲ್ಲ. ಅವನನ್ನು ಎಲ್ಲರೂ ಡಿ-೧೬ ಎಂದು ಕರೆಯುವರು. ಕಥೆ ಮುಂದುವರಿದಂತೆ ಅವನೇ ಮೆಗಾಟ್ರಾನ್ ಆಗುವನು. ಪೆಟ್ಟಿಗೆಗಳನ್ನು ಜೋಪಾನ ಮಾಡಿದವರು ನೆನಪಿಟ್ಟಿದ್ದ ಸಂಖ್ಯೆಯೊಂದು ಕಥೆಯೊಳಗೆ ಬಂದು ಹೆಸರಾಗಿ ನಿಂತಿತು. ಹಳೆಯ ಪಟ್ಟಿಯನ್ನು ಯಾರೂ ಉಳಿಸದಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ಆದುದರಿಂದ ತಾಯ್ತಂದೆಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಮಗುವು ತನ್ನ ಗೊಂಬೆಗೆ ಕಂಪೆನಿಯು ಕೊಟ್ಟ ಹೆಸರನ್ನು ಹೇಳಲಿ, ಇಲ್ಲವೆ ತಾನೇ ಒಂದು ಹೆಸರನ್ನು ಇಡಲಿ. ಅದನ್ನು ಕೇಳಿ ಸಂತೋಷಪಡಿ. ಆದರೆ ಪೆಟ್ಟಿಗೆಯನ್ನು ಒಲೆಗೆ ಹಾಕುವ ಮೊದಲು ಅದರ ಮೇಲಿನ ಸಂಖ್ಯೆಯನ್ನೂ ಕೊಂಡ ದಿನವನ್ನೂ ಕೊಟ್ಟ ಬೆಲೆಯನ್ನೂ ಮನೆಯ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಬರೆದಿಡಿ. ಬರೆಯುವ ಕೆಲಸವನ್ನು ಆ ಮಗುವಿಗೇ ಒಪ್ಪಿಸಿದರೆ ಇನ್ನೂ ಒಳ್ಳೆಯದು. ತನ್ನ ಕೈಯಲ್ಲಿರುವ ವಸ್ತು ಯಾವ ದೇಶದಲ್ಲಿ, ಯಾವ ಅಚ್ಚಿನಲ್ಲಿ, ಯಾರ ಕೌಶಲದಿಂದ ಹುಟ್ಟಿತೆಂಬ ಪ್ರಶ್ನೆಯನ್ನು ಅದು ತಾನಾಗಿ ಕೇಳತೊಡಗುವುದು.